ಚಾಕೊಲೆಟ್ಟಿನ ಪೂರ್ವೋತ್ತರ

ನಮ್ಮ ತರಗತಿಯಲ್ಲಿ ಒಮ್ಮೆ ಇಬ್ಬರು ವಿದ್ಯಾರ್ಥಿಗಳಿಗೆ ವಾದ ಹತ್ತಿತು. ಬಿಳಿಯ ಚಾಕೊಲೆಟ್ಟು ಚಾಕೊಲೆಟ್ಟೇ ಅಲ್ಲವೆಂಬುದು ಒಬ್ಬನ ಪಕ್ಷ, ಅಹುದೆಂಬುದು ಇನ್ನೊಬ್ಬನದು. ತೀರ್ಪು ಹೇಳುವ ಹೊರೆ ನಮ್ಮ ಪಾಲಿಗೆ ಬಂದಿತು. ವಿಚಾರಮಾಡಿ ನೋಡಲಾಗಿ, ಈ ಚಿಕ್ಕ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸಹಸ್ರಾರು ವರ್ಷಗಳ ಚರಿತ್ರೆಯನ್ನೇ ತಿರುವಿಹಾಕಬೇಕೆಂದು ನಮಗೆ ಮನವರಿಕೆಯಾಯಿತು. ಶ್ರೋತೃಗಳ ಮುಂದೆ ಈ ದಿನ ಅದನ್ನೇ ನಿವೇದಿಸುತ್ತೇವೆ.

ಚಾಕೊಲೆಟ್ಟಿಗೆ ಮೂಲವಾದುದು ಕೊಕ್ಕೋ ಮರ. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲಣ ಪ್ರಾಂತ. ಈಕ್ವೆಡಾರ್ ದೇಶದಲ್ಲಿ ದೊರೆತ ಪುರಾತನ ಪಾತ್ರೆಗಳನ್ನು ಪರೀಕ್ಷಿಸಿದ ವಿದ್ವಾಂಸರು, ಸುಮಾರು 5,300 ವರ್ಷಗಳ ಹಿಂದೆಯೇ ಅಲ್ಲಿಯ ಜನ ಕೊಕ್ಕೋವನ್ನು ಬಳಸುತ್ತಿದ್ದರೆಂದು 2018ರಲ್ಲಿ ಪ್ರಕಟಿಸಿದರು. ಹಲಸಿನಂತೆ ಈ ಮರಕ್ಕೂ ಕಾಂಡದ ಮೇಲೆಯೇ ಕಾಯಿ ಬಿಡುವುದು. ಒಂದೊಂದು ಹಣ್ಣಿನೊಳಗೆ ಬಿಳಿಯ ಲೋಳೆಯ ನಡುವೆ ಮೂವತ್ತು ನಾಲ್ವತ್ತು ಬೀಜಗಳಿರುತ್ತವೆ. ಹಸಿಯ ಬೀಜ ಬಲು ಕಹಿ. ಚಾಕೊಲೆಟ್ಟಿನ ಪರಿಮಳದ ಸುಳಿವೂ ಅದರಲ್ಲಿಲ್ಲ. ಬೀಜವನ್ನು ಲೋಳೆಸಹಿತ ರಾಶಿಹಾಕಿ, ಐದಾರು ದಿನ ಹುಳಿಯಬಿಟ್ಟು, ಬಿಸಿಲಿನಲ್ಲಿ ಒಣಗಿಸಿ, ಬಳಿಕ ಹುರಿದರೆ ಮಾತ್ರ ಆ ಪರಿಮಳ ಹುಟ್ಟುವುದು.

ಮಧ್ಯ ಅಮೆರಿಕದ ಮಾಯಾ ಜನರೂ ಮೆಕ್ಸಿಕೋವಿನ ಆಜ್ಟೆಕ್ ಜನರೂ ಈ ಬೀಜವನ್ನು ಅರೆದು, ನೀರಿನಲ್ಲಿ ಕದಡಿ, ಕೆಲವು ವೇಳೆ ಮೆಣಸಿನಕಾಯಿಯನ್ನೂ ಸೇರಿಸಿ, ನೊರೆಯೆಬ್ಬಿಸಿ ಕುಡಿಯುತ್ತಿದ್ದರು. ಬೀಜವೇ ನಾಣ್ಯವಾಗಿಯೂ ನಡೆಯುತ್ತಿತ್ತು; ಆಜ್ಟೆಕ್ ಅರಸರಿಗೆ ಸೋತ ಸೀಮೆಗಳು ಅದನ್ನು ಕಪ್ಪವಾಗಿ ಸಲ್ಲಿಸುತ್ತಿದ್ದವು. 1521ರಲ್ಲಿ ಆ ರಾಜ್ಯವು ಸ್ಪೇನಿನವರ ಕೈವಶವಾಯಿತು. ಪಾನೀಯವು ಸಮುದ್ರವನ್ನು ದಾಟಿ ಸಕ್ಕರೆಯೊಡನೆ ಬೆರೆತು ಯೂರೋಪಿನ ಶ್ರೀಮಂತರ ಮನೆಗಳನ್ನು ಹೊಕ್ಕಿತು. 1657ರ ಹೊತ್ತಿಗೆ ಲಂಡನ್ ನಗರದಲ್ಲಿ ಅದನ್ನು ಮಾರುವ ಅಂಗಡಿಯೇ ಏರ್ಪಟ್ಟಿತ್ತು. ಆ ಕಾಲಕ್ಕೆ ಚಾಕೊಲೆಟ್ ಎಂದರೆ ಕುಡಿಯುವ ವಸ್ತುವೇ ಹೊರತು ಕಡಿದು ತಿನ್ನುವ ವಸ್ತುವಲ್ಲ.

ಈ ಮಾರ್ಪಾಟಿಗೆ ಕಾರಣವಾದುದು ಬೀಜದ ಕೊಬ್ಬು. ಕೊಕ್ಕೋ ತಿರುಳಿನಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುವುದರಿಂದ ಪಾನೀಯದ ಮೇಲೆ ಜಿಡ್ಡು ತೇಲುತ್ತಿತ್ತು. 1828ರಲ್ಲಿ ಹಾಲೆಂಡಿನ ವಾನ್ ಹೂಟನ್ ಮನೆತನದವರು ಒತ್ತುವ ಯಂತ್ರವೊಂದರಿಂದ ಈ ಕೊಬ್ಬನ್ನು ಹಿಂಡಿ ತೆಗೆಯುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದರು. ನಮ್ಮ ಗಾಣದಲ್ಲಿ ಎಣ್ಣೆಯೂ ಹಿಂಡಿಯೂ ಬೇರೆಯಾಗುವಂತೆ ಇಲ್ಲಿಯೂ ಎರಡು ಪದಾರ್ಥಗಳು ದೊರೆತವು: ಹಿಂಡಿಯನ್ನು ಕುಟ್ಟಿದರೆ ಕೊಕ್ಕೋ ಪುಡಿ, ಬಸಿದುಬಂದುದು ಕೊಕ್ಕೋ ಬೆಣ್ಣೆ. ಈ ಬೆಣ್ಣೆ ನಮ್ಮ ಮೈಯ ಶಾಖಕ್ಕಿಂತ ತುಸು ಕಡಿಮೆಯ ಶಾಖದಲ್ಲಿ ಕರಗುವುದು. 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಸಂಸ್ಥೆಯವರು ಪುಡಿಗೂ ಸಕ್ಕರೆಗೂ ಈ ಬೆಣ್ಣೆಯನ್ನು ಕರಗಿಸಿ ಸೇರಿಸಿ, ಅಚ್ಚಿನಲ್ಲಿ ಹೊಯ್ದು ಗಟ್ಟಿಮಾಡಿದರು. ತಟ್ಟೆಯಲ್ಲಿ ಗಟ್ಟಿಯಾಗಿದ್ದು ನಾಲಗೆಯ ಮೇಲೆ ಕರಗುವ ತಿನಿಸು ಹೀಗೆ ಹುಟ್ಟಿತು. 1875ರಲ್ಲಿ ಸ್ವಿಟ್ಜರ್‌ಲೆಂಡಿನ ಡೇನಿಯಲ್ ಪೀಟರ್ ಎಂಬಾತನು ನೀರಿನಂಶವನ್ನು ಇಂಗಿಸಿದ ಹಾಲನ್ನು ಇದಕ್ಕೆ ಕೂಡಿಸಿದನು. 1879ರಲ್ಲಿ ಅದೇ ದೇಶದ ರುಡಾಲ್ಫ್ ಲಿಂಟನು ಪಾಕವನ್ನು ಬಹುಹೊತ್ತು ನಾದಿ ನಯಮಾಡುವ ಯಂತ್ರವನ್ನು ಕಂಡುಹಿಡಿದನು.

ಇಷ್ಟು ತಿಳಿದ ಮೇಲೆ ಬಗೆಗಳ ಭೇದ ಸುಲಭ. ಕಪ್ಪು ಚಾಕೊಲೆಟ್ಟಿನಲ್ಲಿ ಕೊಕ್ಕೋವಿನ ಎರಡು ಭಾಗಗಳೂ ಸಕ್ಕರೆಯೂ ಇರುತ್ತವೆ. ಹಾಲಿನ ಚಾಕೊಲೆಟ್ಟಿನಲ್ಲಿ ಇವುಗಳೊಡನೆ ಹಾಲು. ಐರೋಪ್ಯ ಒಕ್ಕೂಟದ ನಿಯಮದಂತೆ ಕೊಕ್ಕೋವಿನ ಅಂಶವು ಮೊದಲನೆಯದರಲ್ಲಿ ನೂರಕ್ಕೆ 35, ಎರಡನೆಯದರಲ್ಲಿ 25ಕ್ಕೆ ಕಡಿಮೆಯಿರಲಾಗದು. ಬಿಳಿಯದರಲ್ಲಿ ಪುಡಿಯ ಅಂಶವಿಲ್ಲ. ಆದರೆ ಬೆಣ್ಣೆ ನೂರಕ್ಕೆ 20 ಆದರೂ ಇರಬೇಕು. ಆದುದರಿಂದ ನಮ್ಮ ವಿದ್ಯಾರ್ಥಿಗಳಿಬ್ಬರ ಮಾತಿನಲ್ಲಿಯೂ ಅರ್ಧರ್ಧ ಸತ್ಯವುಂಟು. ನಿಜವಾಗಿ ಸಂದೇಹಿಸಬೇಕಾದುದು ಕಾಂಪೌಂಡ್ ಎಂಬ ಬಗೆಯನ್ನು. ಅದರಲ್ಲಿ ಕೊಕ್ಕೋ ಬೆಣ್ಣೆಯ ಸ್ಥಾನಕ್ಕೆ ಅಗ್ಗದ ಬೇರೆ ಸಸ್ಯದ ಕೊಬ್ಬು ಬಂದು ಕುಳಿತಿರುವುದು.

ಹೆಸರಿನ ವ್ಯಾಜ್ಯ ಇಲ್ಲಿಗೆ ತೀರಿತು. ತೀರದ ಲೆಕ್ಕವೊಂದು ಉಳಿದಿದೆ. ಇಂದು ಲೋಕದ ಕೊಕ್ಕೋವಿನಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ಬೆಳೆಯುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳು. ಅಲ್ಲಿಯ ತೋಟಗಳಲ್ಲಿ ಬಾಲಕಾರ್ಮಿಕರಾಗಿ ದುಡಿಯುತ್ತಿರುವ ಮಕ್ಕಳು ಸುಮಾರು 15 ಲಕ್ಷ 60 ಸಾವಿರ ಎಂದು 2020ರಲ್ಲಿ ಪ್ರಕಟವಾದ ವರದಿಯೊಂದು ತಿಳಿಸಿತು. ಬೆಳೆಗಾರನಿಗೆ ಬರುವ ಬೆಲೆ ಆಳಿನ ಕೂಲಿಗೂ ಸಾಲದಾದಾಗ ಮಕ್ಕಳ ಕೈಗೆ ಕತ್ತಿ ಬರುವುದು.

ಬೆಲೆಯ ಪೆಟ್ಟನ್ನು ನಮ್ಮ ನಾಡೂ ಅರಿಯದೆ ಇಲ್ಲ. ದಕ್ಷಿಣ ಕನ್ನಡದಲ್ಲಿ ಅಡಕೆಯ ನೆರಳಿನಲ್ಲಿ ಕೊಕ್ಕೋ ಬೆಳೆದವರು 1980ರ ಸುಮಾರಿಗೆ ಕೊಳ್ಳುವವರಿಲ್ಲದೆ ಕಂಗೆಟ್ಟರು. ಆಗ 1973ರಲ್ಲಿ ಸ್ಥಾಪಿತವಾಗಿದ್ದ ಮಂಗಳೂರಿನ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಬೀಜವನ್ನು ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೆಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಸೇರಿ ಕಟ್ಟಿದ ಸಂಸ್ಥೆಯಾದುದರಿಂದ ತಿನಿಸಿನ ಲಾಭವೂ ಅವರ ನಡುವೆಯೇ ಉಳಿಯಲು ದಾರಿಯಾಯಿತು.

ನಮ್ಮ ವಿದ್ಯಾರ್ಥಿಗಳಿಗೆ ನಾವು ಕಡೆಯಲ್ಲಿ ಹೇಳಿದ ಮಾತೂ ಇಷ್ಟೇ: ಹೊದಿಕೆಯ ಮೇಲೆ ಬಣ್ಣವನ್ನು ನೋಡುವ ಮೊದಲು, ಒಳಗಿರುವ ಕೊಬ್ಬು ಯಾವುದು, ಬೀಜ ಯಾರ ತೋಟದ್ದು, ಇವೆರಡನ್ನು ಓದಿ ನೋಡಿರಿ. ಎರಡನೆಯದು ಅನೇಕ ಹೊದಿಕೆಗಳ ಮೇಲೆ ಬರೆದಿರುವುದಿಲ್ಲ. ಬರೆದಿಲ್ಲವೆಂಬುದನ್ನಾದರೂ ಗಮನಿಸಿದರೆ ಒಳ್ಳೆಯದು.