ಹಳೆಯ ಡಿಜಿಟಲ್ ಕ್ಯಾಮೆರಾ: ಕೊಳ್ಳಬೇಕೋ, ಬಿಡಬೇಕೋ?



ಮಂದ್ರೂಪ, ಅಕ್ಕಲಕೋಟೆ, ಸೊಲ್ಲಾಪುರದಲ್ಲಿ ನಡೆಯುವ ನಮ್ಮ ಕಾರ್ಯಕ್ರಮಗಳ ಫೋಟೊಗಳೆಲ್ಲ ಯಾರ್ಯಾರದೋ ಮೊಬೈಲಿನಲ್ಲಿ ಉಳಿದುಬಿಡುತ್ತವೆ. ಮೊಬೈಲ್ ಕೆಟ್ಟರೆ ಫೋಟೊಗಳೂ ಹೋದವು. ವಾಟ್ಸಾಪ್‌ನಲ್ಲಿ ಬಂದವು ಕುಗ್ಗಿರುವುದರಿಂದ ಸ್ಮರಣ ಸಂಚಿಕೆಯಲ್ಲಿ ಮಸುಕಾಗಿ ಅಚ್ಚಾಗುತ್ತವೆ. ಹೀಗಾಗಿ, ಸಂಘಕ್ಕೆ ಹಳೆಯದಾದರೂ ಒಂದು ಕ್ಯಾಮೆರಾ ಇರಲಿ ಎನ್ನುವ ಮಾತು ಕೇಳಿಬರುತ್ತಿದೆ. ಪಟ್ಟಿ ಹಾಕಿ ಕೂಡಿಸಿದ ಹಣ ವ್ಯರ್ಥವಾಗಬಾರದು. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಕ್ಯಾಮೆರಾಕ್ಕೆ ವಯಸ್ಸೆಷ್ಟು ಎಂಬುದಲ್ಲ, ಅದರಿಂದ ನಮಗೆ ಯಾವ ಕೆಲಸ ಆಗಬೇಕು ಎಂಬುದು.

ಹಳೆಯದು ಸಾಕಾಗುವ ಕೆಲಸ

ಭೀಮಾ–ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಮರಾಠಿ ಶಾಸನವಿದೆ. ಇಂಥ ಕಲ್ಲಿನ ಅಕ್ಷರಗಳು ಬಿಸಿಲು ಮಳೆಗೆ ಸವೆಯುತ್ತಲೇ ಇರುತ್ತವೆ. ಇಂದು ತೆಗೆದ ಒಳ್ಳೆಯ ಫೋಟೊ ನಾಳೆ ಓದುವವರಿಗೆ ಆಧಾರ. ಕಲ್ಲು ಅಲುಗಾಡುವುದಿಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಐಎಸ್ಒ 200ರಲ್ಲಿ, ಪಕ್ಕದಿಂದ ಓರೆ ಬೆಳಕು ಬೀಳುವಾಗ ತೆಗೆದರೆ ಅಕ್ಷರಗಳ ತಗ್ಗಿನಲ್ಲಿ ನೆರಳು ನಿಂತು ಸ್ಪಷ್ಟವಾಗಿ ಕಾಣುತ್ತವೆ. 2008ರ ನಿಕಾನ್ ಡಿ90 ಕ್ಯಾಮೆರಾಕ್ಕೆ 12.3 ಮೆಗಾಪಿಕ್ಸೆಲ್ ಇದೆ. ಎ4 ಪುಟದ ತುಂಬ ಚೆನ್ನಾಗಿ ಅಚ್ಚಾಗಲು ಸುಮಾರು 8.7 ಮೆಗಾಪಿಕ್ಸೆಲ್ ಸಾಕು.

ಸಾಕಾಗದ ಕೆಲಸ

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುವುದನ್ನು ಟ್ರೈಪಾಡ್ ಇದ್ದರೆ ಹಳೆಯದರಲ್ಲೂ ತೆಗೆಯಬಹುದು. ಆದರೆ ರಾತ್ರಿ ನಡೆದು ಬರುವ ನಂದಿಧ್ವಜ, ಮಂದ ಬೆಳಕಿನ ವೇದಿಕೆಯ ಮೇಲೆ ಕುಣಿಯುವ ಮಕ್ಕಳು – ಇವಕ್ಕೆ ಐಎಸ್ಒ ಏರಿಸಲೇಬೇಕು. ಆಗ ಹಳೆಯ ಕ್ಯಾಮೆರಾದ ಚಿತ್ರದಲ್ಲಿ ಉಸುಕು ಚೆಲ್ಲಿದಂತೆ ಕಾಳು ಕಾಳು ಕಾಣುತ್ತದೆ. ವಿಡಿಯೊ ಇನ್ನೂ ಕಷ್ಟ. ಡಿ90ರಲ್ಲಿ 720ಪಿ ವಿಡಿಯೊ ಒಮ್ಮೆಗೆ 5 ನಿಮಿಷ ಮಾತ್ರ, ಅದೂ ಚಿತ್ರೀಕರಣದ ನಡುವೆ ತಾನಾಗಿ ಫೋಕಸ್ ಆಗುವುದಿಲ್ಲ. ಭಜನೆ, ನಾಟಕಗಳನ್ನು ರೆಕಾರ್ಡ್ ಮಾಡಲು ಈಗಿನ ಒಳ್ಳೆಯ ಮೊಬೈಲೇ ವಾಸಿ.

ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಿ

1. ಮುಚ್ಚಳ ಹಾಕಿಯೇ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಬಣ್ಣದ ಚುಕ್ಕೆಗಳು ತುಂಬ ಕಂಡರೆ ಸೆನ್ಸರ್ ದಣಿದಿದೆ.
2. ಎಫ್/16ರಲ್ಲಿ ತಿಳಿ ಆಕಾಶದ ಫೋಟೊ ತೆಗೆಯಿರಿ. ಕಪ್ಪು ಕಲೆ ಸೆನ್ಸರ್ ಮೇಲಿನ ಧೂಳು, ಅದನ್ನು ತೆಗೆಸಬಹುದು.
3. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂತೆ ಕಂಡರೆ ಬೂಷ್ಟು ಹಿಡಿದಿದೆ, ಬಿಟ್ಟುಬಿಡಿ.
4. ಎಷ್ಟು ಫೋಟೊ ತೆಗೆದಿದೆ ಎಂದು ನೋಡಿ. ನಿಕಾನ್ ಡಿಎಸ್ಎಲ್ಆರ್‌ಗಳ ಚಿತ್ರದ ಕಡತದಲ್ಲೇ ಈ ಲೆಕ್ಕ ಸಿಗುತ್ತದೆ. ಡಿ90ರ ಶಟರ್ ಅನ್ನು 1,00,000 ಸಲ ಪರೀಕ್ಷಿಸಲಾಗಿದೆ. ಅದರ ಸಮೀಪ ಬಂದಿದ್ದರೆ ಬೆಲೆ ಇಳಿಸಲು ಕೇಳಿ.
5. ಎಸ್‌ಡಿ ಕಾರ್ಡ್ ಹಾಕುವಂಥದ್ದೇ ಇರಲಿ. ಹಳೆಯ ಒಲಿಂಪಸ್, ಫ್ಯೂಜಿ ಕ್ಯಾಮೆರಾಗಳ ಎಕ್ಸ್‌ಡಿ ಕಾರ್ಡ್ ಈಗ ತಯಾರಾಗುತ್ತಿಲ್ಲ.
6. ಲೆನ್ಸ್ ಹೊಂದುತ್ತದೆಯೇ ಕೇಳಿ. ನಿಕಾನ್ ಡಿ3100ರಲ್ಲಿ ಫೋಕಸ್ ಮೋಟಾರ್ ಇಲ್ಲ; ಮೋಟಾರ್ ಇಲ್ಲದ ಹಳೆಯ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು.
7. ಮೂಲ ಬಿಲ್ ಕೇಳಿ, ಸೀರಿಯಲ್ ಸಂಖ್ಯೆ ತಾಳೆ ನೋಡಿ. ಕಳವಿನ ಮಾಲು ಸಂಘಕ್ಕೆ ಬೇಡ.

ಬೆಲೆಯ ಲೆಕ್ಕ

ಕ್ಯಾಮೆರಾದ ಬೆಲೆಗೆ ಲೆನ್ಸ್, ಹೊಸ ಬ್ಯಾಟರಿ, ಚಾರ್ಜರ್, ಕಾರ್ಡ್, ಟ್ರೈಪಾಡ್ ಎಲ್ಲ ಕೂಡಿಸಿ. ಆ ಮೊತ್ತ ಇನ್ನೂ ಹೊಸ ಮಾದರಿಯ ಸೆಕೆಂಡ್ ಹ್ಯಾಂಡ್ ಕ್ಯಾಮೆರಾದ ಹತ್ತಿರ ಬಂದರೆ ಹಳೆಯದು ಬೇಡ. ಈಚೆಗೆ ಹುಡುಗರಿಗೆ ಹಳೆಯ ಚಿಕ್ಕ ಕ್ಯಾಮೆರಾಗಳ ಹುಚ್ಚು ಹಿಡಿದು ಬೆಲೆ ಏರಿದೆ; ಅದನ್ನು ನೋಡಿ ಮರುಳಾಗಬೇಡಿ.

ಶಾಸನ, ಗುಡಿ, ಹಿರಿಯರ ಭಾವಚಿತ್ರ, ಹಗಲಿನ ಸಭೆ ಇಷ್ಟೇ ನಮ್ಮ ಕೆಲಸವಾದರೆ ಸುಸ್ಥಿತಿಯ ಹಳೆಯ ಕ್ಯಾಮೆರಾ ಧೈರ್ಯವಾಗಿ ಕೊಳ್ಳಬಹುದು. ರಾತ್ರಿ ಕಾರ್ಯಕ್ರಮ, ವಿಡಿಯೊ ಮುಖ್ಯವಾದರೆ ಇನ್ನಷ್ಟು ದಿನ ಹಣ ಕೂಡಿಸೋಣ. ಯಾವುದನ್ನೇ ಕೊಂಡರೂ ತೆಗೆದ ಫೋಟೊ ಎರಡು ಕಡೆ ಉಳಿಸಿ, ದಿನಾಂಕ ಮತ್ತು ಊರಿನ ಹೆಸರು ಬರೆದಿಡಿ.

ಅದಕ್ಕೂ ಮುಂಚೆ, ತಮ್ಮ ಮನೆಯ ಕಪಾಟಿನಲ್ಲಿ ಬಳಸದೆ ಇಟ್ಟ ಕ್ಯಾಮೆರಾ ಇದ್ದರೆ ದಯವಿಟ್ಟು ಸಂಘಕ್ಕೆ ತಿಳಿಸಿ. ಕೊಳ್ಳುವ ಪ್ರಸಂಗವೇ ಬರಲಿಕ್ಕಿಲ್ಲ!