ಪುಟದಡಿಯ ಸಣ್ಣ ಸಾಲು

ಹತ್ತು ಗಂಟೆ. ತಾಲ್ಲೂಕು ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯ ಡಿಟಿಪಿ ಮೇಜಿಗೆ ಜನ ಮುತ್ತಿದ್ದಾರೆ. ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ ಸುತ್ತಿಕೊಂಡು ಬಂದ ಹಿರಿಯ ರೈತ, ಕರಾರು ಪತ್ರಕ್ಕಾಗಿ ಕಾದಿರುವ ಇಬ್ಬರು ಯುವಕರು, ಕಂಕುಳಲ್ಲಿ ಫೈಲು ಇರುಕಿಕೊಂಡ ವಕೀಲರ ಗುಮಾಸ್ತ. ಪ್ರಿಂಟರಿನಿಂದ ಲೀಗಲ್ ಹಾಳೆಗಳು ಬಿಸಿಬಿಸಿಯಾಗಿ ಹೊರಬೀಳುತ್ತಿವೆ. ಫ್ಯಾನಿನ ಗಾಳಿಗೆ ಹಾರದಂತೆ ಅವುಗಳ ಮೇಲೆ ಸ್ಟೇಪ್ಲರ್ ಇಟ್ಟಿದ್ದಾರೆ.

"ಮೊನ್ನೆ ತಿದ್ದಿಸಿದ್ದು ಇದ್ರಲ್ಲಿ ಯಾವ್ದಮ್ಮ?" ಗುಮಾಸ್ತರು ಎರಡು ವಿಭಾಗಪತ್ರಗಳನ್ನು ಚಾಚುತ್ತಾರೆ. ನೋಡಲು ಎರಡೂ ಒಂದೇ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಬರಬೇಕಾದ ಹೊಲ ಪಶ್ಚಿಮಕ್ಕೆ ಹೋಗಿದ್ದನ್ನು ಒಂದರಲ್ಲಿ ಮಾತ್ರ ಸರಿಪಡಿಸಲಾಗಿದೆ. ಆಪರೇಟರ್ ಹುಡುಗಿ ಷೆಡ್ಯೂಲ್ ಓದುತ್ತ ಕೂರುವುದಿಲ್ಲ. ಅವಳ ಕಣ್ಣು ನೇರ ಪುಟದ ಅಡಿಗೆ ಇಳಿಯುತ್ತದೆ. ಅಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಫೈಲಿನ ಹೆಸರು, ಸೇವ್ ಮಾಡಿದ ದಿನ, ವೇಳೆ, ಏಳರಲ್ಲಿ ಇದು ಎಷ್ಟನೆಯ ಪುಟ ಎಂಬ ಲೆಕ್ಕ. "ಇದು ಸಾರ್. ಇನ್ನೊಂದು ಹರಿದುಹಾಕಿ."

ಈ ಸಾಲು ಅವಳು ಟೈಪ್ ಮಾಡಿದ್ದಲ್ಲ. ವರ್ಡ್‌ನಲ್ಲಿ ಫೂಟರ್ ತೆರೆದು, ಕ್ವಿಕ್ ಪಾರ್ಟ್ಸ್‌ನ ಫೀಲ್ಡ್ ಪಟ್ಟಿಯಿಂದ ‘ಫೈಲ್‌ನೇಮ್’ ಆರಿಸಿ ಕೂರಿಸಿದ್ದು. ಕೈಯಾರೆ ಬರೆದ ಹೆಸರು, ಫೈಲಿಗೆ ಬೇರೆ ಹೆಸರಿಟ್ಟರೂ ಹಳೆಯದೇ ಉಳಿದು ದಾರಿ ತಪ್ಪಿಸುತ್ತದೆ. ಫೀಲ್ಡ್ ಆದರೆ ಅದನ್ನು ಆರಿಸಿ ಎಫ್9 ಒತ್ತಿದರೆ ಸಾಕು, ಹೊಸ ಹೆಸರು ಬಂದು ಕೂರುತ್ತದೆ. ತಾರೀಖಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಡೇಟ್’ ಹಾಕಿದರೆ ಹೋದ ವರ್ಷದ ಕರಡೂ ಇವತ್ತಿನ ದಿನಾಂಕ ಹೊತ್ತು ಬರುತ್ತದೆ. ಅವಳು ಹಾಕುವುದು ‘ಸೇವ್‌ಡೇಟ್’. ಕನ್ನಡದ ಕಷ್ಟವೂ ಒಂದುಂಟು. ಪತ್ರವೆಲ್ಲ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿದ್ದು ಅಡಿಸಾಲೂ ಅದರಲ್ಲೇ ಬಿದ್ದರೆ, ಇಂಗ್ಲಿಷಿನಲ್ಲಿರುವ ಫೈಲಿನ ಹೆಸರು ಅರ್ಥವಿಲ್ಲದ ಕೊಂಬು ದೀರ್ಘಗಳಾಗಿ ಅಚ್ಚಾಗುತ್ತದೆ. ಅದಕ್ಕೇ ಅಷ್ಟು ಭಾಗಕ್ಕೆ ಮಾತ್ರ ಇಂಗ್ಲಿಷ್ ಫಾಂಟು.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ದಿನಗಳ ಪುಸ್ತಕ ಸಿಕ್ಕರೆ ಹಾಳೆ ಮಗುಚಿ ನೋಡಿ. ಹಲವು ಪುಸ್ತಕಗಳಲ್ಲಿ ಹದಿನಾರು ಪುಟಕ್ಕೊಮ್ಮೆ ಅಡಿಯಲ್ಲಿ ಒಂದು ಪುಟ್ಟ ಅಂಕಿ ಇರುತ್ತದೆ. ಅದು ಓದುಗರಿಗಲ್ಲ, ಮಡಿಸಿದ ಅಚ್ಚುಹಾಳೆಗಳಾದ ಫಾರಂಗಳನ್ನು ಕ್ರಮವಾಗಿ ಜೋಡಿಸುವ ಬೈಂಡರಿಗೆ. ಈ ಹುಡುಗಿಯ ಸಾಲೂ ಅದೇ ವಂಶದ್ದು. ಅದಿಲ್ಲದ ಕರಡು ಅಂಗಡಿಯ ಮೆಟ್ಟಿಲು ಇಳಿಯಬಾರದು ಎಂದೇ ನಾನು ಹೇಳುತ್ತೇನೆ. ಎಕರೆಗಟ್ಟಲೆ ಭೂಮಿ ಆ ಹಾಳೆಗಳ ಮೇಲೆ ನಿಂತಿರುತ್ತದೆ. ನೋಂದಣಿಗೆ ಹೋಗುವ ಪ್ರತಿಯ ಮಾತು ಬೇರೆ. ಅದರಲ್ಲಿ ಸಾಲನ್ನು ಅಳಿಸಿಯೇ ಅವಳು ಪ್ರಿಂಟ್ ಕೊಡುತ್ತಾಳೆ.

ಫೈಲಿನ ಹೆಸರೇ ಸರಿಯಿಲ್ಲದಿದ್ದರೆ ಈ ಏರ್ಪಾಡೆಲ್ಲ ವ್ಯರ್ಥ. ‘ಫೈನಲ್’, ‘ಫೈನಲ್ ಹೊಸದು’ ಎಂಬ ಫೈಲುಗಳು ಇವಳ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಈಗ ರೈತನ ಸರದಿ. ಅವಳು ಕೀಲಿಮಣೆಯ ಮೇಲೆ ಬೆರಳಿಟ್ಟು ಕೇಳುತ್ತಾಳೆ:

"ಯಾವೂರು ತಾತ? ಸರ್ವೆ ನಂಬರ್ ಹೇಳಿ, ಮೊದ್ಲು ಹೆಸರಿಟ್ಟು ಸೇವ್ ಮಾಡ್ಕೊತೀನಿ."