ಭಾಗಿಸದೆ ಅಪವರ್ತನ ಹುಡುಕುವ ಯಂತ್ರ

91 ನೋಡಲು ಅವಿಭಾಜ್ಯ ಸಂಖ್ಯೆಯ ಹಾಗೇ ಇದೆ, ಆದರೆ ಅದು 7 × 13. ಇಷ್ಟು ಚಿಕ್ಕದಾದರೆ 2, 3, 5, 7 ಎಂದು ಭಾಗಿಸುತ್ತ ಹೋಗಬಹುದು. ವರ್ಗಮೂಲದವರೆಗೆ ನೋಡಿದರೆ ಸಾಕು. 708158977 ಎದುರಾದರೆ? ಅದರ ವರ್ಗಮೂಲ 26,611ರ ಆಸುಪಾಸು. ಅಷ್ಟರೊಳಗಿನ ಅವಿಭಾಜ್ಯಗಳೇ ಮೂರು ಸಾವಿರದ ಹತ್ತಿರ ಇವೆ. ಅಷ್ಟೂ ಭಾಗಾಕಾರಗಳನ್ನು ಕಾಗದದ ಮೇಲೆ ತಪ್ಪಿಲ್ಲದೆ ಮುಗಿಸುವ ತಾಳ್ಮೆ ಯಾರಿಗಿದೆ?

1919ರಲ್ಲಿ ಫ್ರಾನ್ಸಿನ ಕಾಲಾಳು ಪಡೆಯ ಅಧಿಕಾರಿ ಯೂಜೆನ್ ಕ್ಯಾರಿಸಾನ್ ಮಾಡಿಸಿದ ಹಿತ್ತಾಳೆ ಯಂತ್ರ, ಈ ಸಂಖ್ಯೆ ಅವಿಭಾಜ್ಯವೆಂದು ಹತ್ತೇ ನಿಮಿಷದಲ್ಲಿ ತೋರಿಸಿಕೊಟ್ಟಿತು. ಸೋಜಿಗವೆಂದರೆ ಅದಕ್ಕೆ ಭಾಗಾಕಾರ ಬರುವುದೇ ಇಲ್ಲ.

ಅದರ ಬೆನ್ನಿಗಿದ್ದದ್ದು 1643ರಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ಹೇಳಿದ ಉಪಾಯ. 2701ನ್ನು ಒಡೆಯಬೇಕು ಎನ್ನಿ. ಅದಕ್ಕಿಂತ ತುಸು ದೊಡ್ಡ ವರ್ಗಸಂಖ್ಯೆಗಳಿಂದ ಅದನ್ನು ಕಳೆಯುತ್ತ ಹೋಗಿ. 52ರ ವರ್ಗದಿಂದ ಕಳೆದರೆ 3, 53ರದ್ದರಿಂದ 108, 54ರದ್ದರಿಂದ 215, 55ರದ್ದರಿಂದ 324. ಸಿಕ್ಕಿತು! 324 ಎಂದರೆ 18ರ ವರ್ಗ. 55ರಿಂದ 18 ಕಳೆದರೆ 37, ಕೂಡಿದರೆ 73. 37 × 73 = 2701.

ಇಲ್ಲಿ 3, 108, 215ನ್ನು ತಳ್ಳಿಹಾಕಲು ವರ್ಗಮೂಲ ತೆಗೆಯಬೇಕಾಗಿಲ್ಲ. ವರ್ಗಸಂಖ್ಯೆಯ ಕೊನೆಯಂಕಿ ಎಂದೂ 2, 3, 7, 8 ಆಗದು. 5 ಆದರೆ ಅದರ ಹಿಂದೆ 2 ಇರಲೇಬೇಕು. ಹತ್ತರಿಂದ ಭಾಗಿಸಿದಾಗಿನ ಶೇಷಕ್ಕೆ ಹೀಗೊಂದು ನಿಯಮವಿರುವಂತೆ 19, 23, 59 ಮುಂತಾದವುಗಳ ಶೇಷಕ್ಕೂ ನಿಯಮಗಳಿವೆ. ಒಂದೊಂದು ನಿಯಮವೂ ಒಂದೊಂದು ಜರಡಿ.

ಕ್ಯಾರಿಸಾನ್ ಯಂತ್ರದಲ್ಲಿ ಒಂದರೊಳಗೊಂದು ಹದಿನಾಲ್ಕು ಬಳೆಗಳಿವೆ. ಒಂದರ ಮೇಲೆ 19 ಗೂಟ, ಇನ್ನೊಂದರ ಮೇಲೆ 23, ಹೀಗೆ 59ರವರೆಗೆ. ಒಡೆಯಬೇಕಾದ ಸಂಖ್ಯೆಗೆ ತಕ್ಕಂತೆ, ಕಳೆದುಳಿದದ್ದು ವರ್ಗವಾಗಲು ಅವಕಾಶವಿರುವ ಶೇಷಗಳ ಗೂಟಕ್ಕಷ್ಟೇ ಟೊಪ್ಪಿಗೆ ತೊಡಿಸುತ್ತಾರೆ. ಈ ಸಿದ್ಧತೆಯೇ ತಲೆನೋವಿನ ಕೆಲಸ. ಆಮೇಲೆ ಹಿಡಿಕೆ ತಿರುಗಿಸಿದರಾಯಿತು. ಎಲ್ಲ ಬಳೆಗಳೂ ಒಟ್ಟಿಗೆ ಒಂದೊಂದೇ ಗೂಟದಷ್ಟು ಸರಿಯುತ್ತವೆ. ಹದಿನಾಲ್ಕೂ ಟೊಪ್ಪಿಗೆಗಳು ಒಂದೇ ಸಾಲಿಗೆ ಬಂದಾಗ ಕಿವಿಗೆ ಹಚ್ಚಿಕೊಂಡ ರಿಸೀವರ್‌ನಲ್ಲಿ ಟಕ್ ಎನ್ನುತ್ತದೆ. ಆಗ ನಿಲ್ಲಿಸಿ, ಆ ಹೆಜ್ಜೆಗೆ ಸೇರಿದ ಸಂಖ್ಯೆಯನ್ನು ಮಾತ್ರ ಕೈಯಲ್ಲಿ ಪರೀಕ್ಷಿಸಬೇಕು. ಒಂದೊಂದು ಬಳೆ ಸುಮಾರು ಅರ್ಧದಷ್ಟನ್ನು ತಡೆಯುತ್ತದೆ ಎಂದಿಟ್ಟುಕೊಂಡರೂ ಹದಿನಾಲ್ಕನ್ನೂ ದಾಟಿ ಬರುವುದು ಹದಿನಾರು ಸಾವಿರಕ್ಕೆ ಒಂದು.

3570537526921ನ್ನೂ ಇದು 841249 × 4244329 ಎಂದು ಒಡೆದು ಕೊಟ್ಟಿತ್ತು. ಕ್ಯಾರಿಸಾನ್ 1925ರಲ್ಲಿ ತೀರಿಕೊಂಡ. ಯಂತ್ರ ಬೋರ್ಡೋ ಬಳಿಯ ಖಗೋಳ ವೀಕ್ಷಣಾಲಯವೊಂದರ ಡ್ರಾಯರ್ ಸೇರಿತು. ಗಣಿತಜ್ಞರು ಅದನ್ನು ಪತ್ತೆಹಚ್ಚಿದ್ದು 1990ರ ದಶಕದಲ್ಲಿ. ಈಗ ಪ್ಯಾರಿಸ್ಸಿನಲ್ಲಿದೆ.

ಯಂತ್ರ ಮೂಲೆ ಸೇರಿದರೂ ಉಪಾಯಕ್ಕೆ ಮುಪ್ಪು ಬಂದಿಲ್ಲ. ಇಂದಿನ ಆರ್‌ಎಸ್‌ಎ ಗೂಢಲಿಪಿಯ ಬೀಗ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧ. ಅವೆರಡೂ ತೀರಾ ಹತ್ತಿರದವಾದರೆ ಫರ್ಮಾನ ದಾರಿಯಲ್ಲಿ ನಾಲ್ಕು ಹೆಜ್ಜೆಗೇ ಸಿಕ್ಕಿಬೀಳುತ್ತವೆ. 2022ರಲ್ಲಿ ಕೆಲವು ಪ್ರಿಂಟರುಗಳು ತಯಾರಿಸಿಕೊಂಡಿದ್ದ ಇಂಥ ಬೀಗಗಳು ಹೀಗೇ ಒಡೆದವು.